ಯಜಮಾನರು ಬೊಟ್ಟಾಗಿದ್ದ ವರ್ಷ

ಇಂದಿನ ಸಮಾರಂಭದ ಅಧ್ಯಕ್ಷತೆ ವಹಿಸಿರುವ ನಮ್ಮ ಕನ್ನಡ ಸಂಘದ ಶ್ರೀ ಸಂಕರ್ಷಣ ಅವರೇ, ಇವತ್ತು ನಾವು ಸನ್ಮಾನಿಸಲಿರುವ ಚರ್ಮರೋಗ ತಜ್ಞೆ ಡಾಕ್ಟರ್ ನಾಗವೇಣಿ ಅವರೇ, ಸಂಘದ ಪದಾಧಿಕಾರಿಗಳೇ, ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೇ, ಹಿಂದಿನ ಸಾಲಿನಲ್ಲಿ ಕುಳಿತು ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಯೋಚಿಸುತ್ತಿರುವ ಕಿರಿಯರೇ, ಮತ್ತು ನನ್ನ ಪ್ರೀತಿಯ ಸಭಿಕರೇ.

ಡಾಕ್ಟರರನ್ನು ಅಭಿನಂದಿಸಿ ಐದು ನಿಮಿಷ ಮಾತಾಡಬೇಕೆಂದು ಅಧ್ಯಕ್ಷರು ನನಗೆ ಅಪ್ಪಣೆ ಕೊಡಿಸಿದ್ದಾರೆ. ಐದು ನಿಮಿಷ ಎಂದರೆ ಎಷ್ಟು ಎಂಬುದು ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ಗಾಡಿ ಕಾದ ನಿಮಗೆಲ್ಲ ಗೊತ್ತು. ನಾನೂ ಅದೇ ಲೆಕ್ಕದಲ್ಲಿ ಮಾತಾಡುತ್ತೇನೆ. ಅವರ ಪದವಿ, ಅವರ ಸಾಧನೆ, ನಮ್ಮ ಸಂಘದಲ್ಲಿ ಅವರು ನಡೆಸಿದ ಉಚಿತ ಶಿಬಿರಗಳು, ಇವೆಲ್ಲ ಆಮಂತ್ರಣ ಪತ್ರಿಕೆಯಲ್ಲೇ ಚೆನ್ನಾಗಿ ಅಚ್ಚಾಗಿವೆ. ಅಚ್ಚಾದದ್ದನ್ನು ಓದಲು ನನ್ನನ್ನು ಯಾಕೆ ಕರೆಯಬೇಕು? ಆದ್ದರಿಂದ ಅಚ್ಚಾಗದೆ ಉಳಿದದ್ದನ್ನು ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ನಾನು ಮೈಕಿನ ಹತ್ತಿರ ಬರುವಾಗ ಬಲಗಡೆಯ ಸಾಲಿನಲ್ಲಿ ಕೆಲವು ತಲೆಗಳು ಒಂದಕ್ಕೊಂದು ಹತ್ತಿರವಾದವು. ನನ್ನ ಸೀರೆ ನೋಡಿ ಅಲ್ಲ, ಹಣೆ ನೋಡಿ. ನನ್ನ ಯಜಮಾನರು, ನೀವೆಲ್ಲ ಕುಶಲಣ್ಣ ಎಂದು ಕರೆಯುತ್ತಿದ್ದವರು, ತೀರಿಕೊಂಡು ಇನ್ನೂ ವರ್ಷಾಂತಿಕ ಆಗಿಲ್ಲ. ನಾನು ಹಣೆಯ ನಡುವೆ ಎದ್ದು ಕಾಣುವ ಹಾಗೆ ಕುಂಕುಮ ಇಟ್ಟುಕೊಂಡು ಬಂದಿದ್ದೇನೆ. ಸಂಜೆ ಬಾಗಿಲಲ್ಲಿ ಡಾಕ್ಟರರಿಗೆ ಆರತಿ ಎತ್ತುವಾಗ ತಟ್ಟೆ ನನ್ನ ಕೈಗೆ ಬರಲಿಲ್ಲ. "ನೀವು ಒಳಗೆ ಕೂತ್ಕೊಳ್ಳಿ ಜಯಕ್ಕ, ನಿಮಗೆ ಆಯಾಸ ಆಗ್ತದೆ" ಅಂದರು. ಆಯಾಸ, ನನಗೆ. ಸನ್ಮಾನಕ್ಕೆ ಮೊದಲು ಅತಿಥಿಗಳ ಹಣೆಗೆ ಕುಂಕುಮ ಹಚ್ಚುವ ಬೆಳ್ಳಿಯ ಬಟ್ಟಲು ಇಷ್ಟು ವರ್ಷ ಈ ಜಯಲತಾಳ ಕೈಯಲ್ಲಿ ಇರುತ್ತಿತ್ತು. ಈ ಸಲ ಅದೂ ಬೇರೆ ಕೈಗೆ ಹೋಗಿದೆ. ನಾನು ಜಗಳಕ್ಕೆ ಬಂದವಳಲ್ಲ. ಆದರೆ ಆ ಬಟ್ಟಲು ನನಗೆ ಬೇಕು. ಯಾಕೆ ಬೇಕು ಎನ್ನುವುದಕ್ಕೂ ಡಾಕ್ಟರರ ಔಷಧಿಗೂ ಸಂಬಂಧ ಇದೆ. ಸ್ವಲ್ಪ ತಾಳ್ಮೆಯಿಂದ ಕೇಳಿ.

ನಾನು ಮದುವೆಯಾಗಿ ಉಡುಪಿ ಕಡೆಯಿಂದ ಇಲ್ಲಿಗೆ ಬಂದಾಗ ತಂದದ್ದು ಅಮ್ಮ ಕೊಟ್ಟ ಕುಂಕುಮದ ಕರಡಿಗೆ. ನಮ್ಮ ಹೋಟೆಲು ಥಾಣೆಯ ನೌಪಾಡಾದಲ್ಲಿ. ಬೆಳಿಗ್ಗೆ ಲೋಕಲಿನಲ್ಲಿ ನಾನೂ ಹೋಗಿ ಸಾಂಬಾರಿನ, ಚಟ್ನಿಯ ಹದ ನೋಡಿ ಬರುತ್ತಿದ್ದೆ. ಲೇಡೀಸ್ ಡಬ್ಬಿಯ ಬೆವರಿನಲ್ಲಿ ಯಾವ ಕುಂಕುಮ ನಿಂತೀತು, ನೀವೇ ಹೇಳಿ? ದಿವಾ ಸ್ಟೇಷನ್ ಬರುವಾಗ ಹುಬ್ಬಿಗೆ ಇಳಿದಿರುತ್ತಿತ್ತು, ಮುಂಬ್ರಾ ದಾಟುವಾಗ ಮೂಗಿಗೆ. ಥಾಣೆಯಲ್ಲಿ ಇಳಿಯುವಾಗ ಯಾರ ಜತೆಗೋ ಹೊಡೆದಾಡಿ ಬಂದವಳ ಹಾಗೆ ಕಾಣುತ್ತಿದ್ದೆ. ಹಾಗಾಗಿ ಸ್ಟಿಕರ್ ಬೊಟ್ಟು ಬಂದಾಗ ನನ್ನಷ್ಟು ಸಂತೋಷಪಟ್ಟವರು ಯಾರೂ ಇರಲಿಕ್ಕಿಲ್ಲ. ರಾತ್ರಿ ಹಣೆಯಿಂದ ತೆಗೆದು ಬಾತ್‌ರೂಮಿನ ಕನ್ನಡಿಗೆ, ಬೆಳಿಗ್ಗೆ ಕನ್ನಡಿಯಿಂದ ತೆಗೆದು ಹಣೆಗೆ. ನಗಬೇಡಿ, ನಿಮ್ಮ ಮನೆಗಳ ಕನ್ನಡಿಗಳನ್ನೂ ನಾನು ನೋಡಿದ್ದೇನೆ.

ಎಷ್ಟೋ ವರ್ಷ ಹಾಗೇ ನಡೆಯಿತು. ಒಂದು ದಿನ ಬೊಟ್ಟು ತೆಗೆದಾಗ ಅದರ ಅಡಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ. ಉಜ್ಜಿದೆ, ಹೋಗಲಿಲ್ಲ. ಎಣ್ಣೆ ಹಚ್ಚಿದೆ, ಹೋಗಲಿಲ್ಲ. ತಲೆಯೊಳಗೆ ಒಂದೇ ಶಬ್ದ ಬಂತು, ತೊನ್ನು. ಊರಲ್ಲಿ ಆ ಶಬ್ದವನ್ನು ಹೇಗೆ ಹೇಳುತ್ತಾರೆ ಎಂದು ನಿಮಗೆ ಗೊತ್ತು, ಧ್ವನಿ ತಗ್ಗಿಸಿ, ಮನೆಯ ಹೆಣ್ಣುಮಕ್ಕಳನ್ನು ಒಳಗೆ ಕಳಿಸಿ. ನಾನು ಏನು ಮಾಡಿದೆ? ನೀವಾದರೂ ಏನು ಮಾಡುತ್ತಿದ್ದಿರೋ ಅದನ್ನೇ ಮಾಡಿದೆ. ಸ್ವಲ್ಪ ದೊಡ್ಡ ಬೊಟ್ಟು ತಂದು ಮುಚ್ಚಿದೆ. ಬಿಳಿ ಬೊಟ್ಟಿನಾಚೆ ಇಣುಕಿತು. ಇನ್ನೂ ದೊಡ್ಡದು ತಂದೆ. ಅದೂ ಬೆಳೆಯಿತು, ಇದೂ ಬೆಳೆಯಿತು. ಕೊನೆಗೆ ನನ್ನ ಬೊಟ್ಟು ಸಣ್ಣ ಉದ್ದಿನ ಹಪ್ಪಳದಷ್ಟಾಯಿತು.

ಮತ್ತೆ ನಮ್ಮ ಮಹಿಳಾ ವಿಭಾಗದವರು ಏನೆಂದರು? ಜಯಕ್ಕನಿಗೆ ದೊಡ್ಡ ಬೊಟ್ಟು ಎಷ್ಟು ಒಪ್ಪುತ್ತದೆ, ಮುಖಕ್ಕೆ ಎಂಥ ಕಳೆ ಬಂದಿದೆ ಎಂದರು. ಆ ವರ್ಷದ ನವರಾತ್ರಿಗೆ ಅರ್ಧ ಸಂಘ ನನ್ನದೇ ಅಳತೆಯ ಬೊಟ್ಟು ಇಟ್ಟುಕೊಂಡು ಬಂದಿತ್ತು. ನನಗೆ ಒಳಗೊಳಗೇ ಅಳು, ಹೊರಗೆ ಹೊಗಳಿಕೆಯ ಮಳೆ. ನಮ್ಮ ಜನ ಹೊಗಳಲು ಶುರು ಮಾಡಿದರೆ ನಿಜ ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಗುಟ್ಟು ಕಂಡುಹಿಡಿದವಳು ನನ್ನ ಮಗಳು ಅನುಷ್ಕಾ. ಇಲ್ಲೇ ಹುಟ್ಟಿ ಬೆಳೆದವಳು, ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುವವಳು. ಈ ಸಭಾಂಗಣದ ಹೊರಗೆ ಪ್ರತಿ ವಾರ್ಷಿಕೋತ್ಸವದ ಗುಂಪು ಫೋಟೋ ಸಾಲಾಗಿ ತೂಗುಹಾಕಿದ್ದಾರಲ್ಲ, ಅದರ ಮುಂದೆ ನಿಂತು ನನ್ನನ್ನು ಕರೆದಳು. "ಮಮ್ಮಿ, ಯೇ ಬಿಂದಿ ಹರ್ ಸಾಲ್ ಬಡೀ ಕ್ಯೂಂ ಹೋ ರಹೀ ಹೈ?" ಎಂದು ಕೇಳಿದಳು. ಈ ಬೊಟ್ಟು ವರ್ಷವರ್ಷ ಯಾಕೆ ದೊಡ್ಡದಾಗುತ್ತಿದೆ ಎಂದು. ನಾನು ಅಲ್ಲೇ ಅತ್ತುಬಿಟ್ಟೆ.

ಮನೆಯಲ್ಲಿ ವಿಷಯ ತಿಳಿದ ಮೇಲೆ ಸಲಹೆಗಳಿಗೆ ಬರಗಾಲವೇ? ನಮ್ಮ ಅತ್ತೆ, ಮೀನು ತಿಂದ ಮೇಲೆ ಹಾಲು ಕುಡಿದಿದ್ದೀಯಾ ಎಂದು ಕೇಳಿದರು. ಕರಾವಳಿಯಲ್ಲಿ ಮೀನಿಗೂ ಹಾಲಿಗೂ ಆಗದು, ಎರಡೂ ಹೊಟ್ಟೆಯಲ್ಲಿ ಸೇರಿದರೆ ತೊನ್ನು ಬರುತ್ತದೆ ಎಂಬುದು ತೊಟ್ಟಿಲಲ್ಲೇ ಕೇಳುವ ಮಾತು. ಬಂಗುಡೆ ಸಾರು ಉಂಡು ರಾತ್ರಿ ಚಹಾ ಕುಡಿದದ್ದನ್ನೆಲ್ಲ ನೆನಪು ಮಾಡಿಕೊಂಡು ನಾನು ಪಶ್ಚಾತ್ತಾಪಪಟ್ಟೆ. ನಾದಿನಿ ನಾಗದೋಷ ಅಂದಳು. ಊರಿಗೆ ಹೋಗಿ ನಾಗಬನದಲ್ಲಿ ತಂಬಿಲದ ಪೂಜೆ ಕೊಟ್ಟು ಬಂದೆವು. ನಾಗನ ಮೇಲೆ ನನಗೆ ಇವತ್ತಿಗೂ ಭಕ್ತಿ ಇದೆ. ಆದರೆ ನಾನು ಹಣೆಗೆ ಹಚ್ಚಿದ ಗೋಂದಿಗೆ ಪಾಪ ನಾಗ ಯಾಕೆ ಜವಾಬ್ದಾರನಾಗಬೇಕು?

ಕಡೆಗೆ ಅನುಷ್ಕಾ ನನ್ನ ಕೈ ಹಿಡಿದು ಕಲ್ಯಾಣದ ಚರ್ಮದ ದವಾಖಾನೆಗೆ ಎಳೆದುಕೊಂಡು ಹೋದಳು. ಅಲ್ಲಿದ್ದರು ಈ ತಾಯಿ. ಕಲಬುರಗಿ ಕಡೆಯ ಮಾತು, ಬದಲಾಪುರದಲ್ಲಿ ಬೆಳೆದ ಹುಡುಗಿ. ತೆಗೆಯಲೇ ಎಂದು ಕೇಳಿ, ನನ್ನ ಬೊಟ್ಟನ್ನು ತಾವೇ ನಿಧಾನವಾಗಿ ತೆಗೆದರು. ದೀಪ ಹಿಡಿದು ನೋಡಿದರು, ಬೆರಳು, ತುಟಿ, ಮೊಣಕೈ ನೋಡಿದರು, ಥೈರಾಯ್ಡ್ ಪರೀಕ್ಷೆಗೂ ಬರೆದುಕೊಟ್ಟರು. ಆಮೇಲೆ ಆ ಬೊಟ್ಟನ್ನು ಎತ್ತಿ ಹಿಡಿದು, "ನೋಡ್ರಿ ಅಮ್ಮಾ, ನೀವು ಯಾವುದ್ರಿಂದ ಮುಚ್ಚಲಾಕತ್ತೀರಿ, ಅದರಿಂದನೇ ಇದು ಬಂದದ" ಅಂದರು.

ಆ ಅಂಟಿನಲ್ಲಿರುವ ಒಂದು ರಾಸಾಯನಿಕ ಕೆಲವರ ಚರ್ಮದಲ್ಲಿ ಬಣ್ಣ ಮಾಡುವ ಕಣಗಳನ್ನೇ ಕೊಲ್ಲುತ್ತದಂತೆ. ಎಲ್ಲರಿಗೂ ಅಲ್ಲ, ಕೆಲವರಿಗೆ. ನಾನು ಗಾಯದ ಮೇಲೆ ದಿನಾ ಚಾಕು ಇಟ್ಟು, ಗಾಯ ಕಾಣದ ಹಾಗೆ ದೊಡ್ಡ ಚಾಕು ಹುಡುಕುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರಲ್ಲ, ನನ್ನದು ಬೇಲಿಯನ್ನು ನಾನೇ ವರ್ಷವರ್ಷ ಅಗಲ ಮಾಡಿದ ಕಥೆ. ಅದೇ ದಿನ ದವಾಖಾನೆಯಲ್ಲಿ ಸತ್ಯಮ್ಮ ಎಂಬ ಹೆಂಗಸು ಕೂತಿದ್ದಳು, ಎಂಐಡಿಸಿಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುವವಳು. ಅವಳ ಎರಡು ಪಾದಗಳ ಮೇಲೂ ಹವಾಯಿ ಚಪ್ಪಲಿಯ ಪಟ್ಟಿ ಎಲ್ಲಿ ಕೂರುತ್ತದೋ ಅಲ್ಲೇ ಬಿಳಿ ಗೆರೆ. ಡಾಕ್ಟರು ಅವಳಿಗೆ ಮುಲಾಮು ಬರೆಯುವ ಮೊದಲು ಚಪ್ಪಲಿ ಬದಲಿಸಲು ಹೇಳಿದರು.

ತಪ್ಪು ತಿಳಿಯಬೇಡಿ. ಎಲ್ಲ ಬಿಳಿ ಮಚ್ಚೆಯೂ ಬೊಟ್ಟಿನಿಂದ, ಚಪ್ಪಲಿಯಿಂದ ಬರುವುದಿಲ್ಲ. ಹೆಚ್ಚಿನವರಿಗೆ ಅದು ಮೈಯೊಳಗಿನ ತಪ್ಪು ತಿಳಿವಳಿಕೆ. ನಮ್ಮ ಸೊಸೈಟಿಯ ವಾಚ್‌ಮನ್ ಕಳ್ಳನನ್ನು ಬಿಟ್ಟು ಫ್ಲ್ಯಾಟಿನ ಮಾಲೀಕನಿಗೇ ಕೋಲು ಬೀಸಿದರೆ ಹೇಗೋ, ಹಾಗೆ ಮೈಯ ಕಾವಲು ಪಡೆಯೇ ಬಣ್ಣದ ಕಣಗಳ ಮೇಲೆ ಬೀಳುತ್ತದೆ ಎಂದು ಡಾಕ್ಟರು ನನಗೆ ವಿವರಿಸಿದರು. ಅದು ಮುಟ್ಟಿದರೆ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಕುಷ್ಠಕ್ಕೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಮೀನೂ ಕಾರಣವಲ್ಲ, ಹಾಲೂ ಕಾರಣವಲ್ಲ, ಹಿಂದಿನ ಜನ್ಮವೂ ಕಾರಣವಲ್ಲ. ಮುಲಾಮು ಇದೆ, ಬೆಳಕಿನ ಚಿಕಿತ್ಸೆ ಇದೆ. ಮುಖಕ್ಕೆ ಬಣ್ಣ ಬೇಗ ಬರುತ್ತದೆ, ತುಟಿಗೂ ಬೆರಳ ತುದಿಗೂ ಕಷ್ಟ. ಕೆಲವರಿಗೆ ಬರುವುದೇ ಇಲ್ಲ. ಬರದಿದ್ದರೆ ಅವರ ಕೈಯ ದೋಸೆಯ ರುಚಿ ಕಡಿಮೆಯಾಗುತ್ತದೆಯೇ? ಅವರ ಮಗಳ ಮದುವೆಗೆ ಹೋಗಿ ನಾವು ಎರಡು ಹೋಳಿಗೆ ಕಡಿಮೆ ತಿನ್ನುತ್ತೇವೆಯೇ?

ಇಷ್ಟು ಕೇಳಿ ನನಗೆ ಹಗುರವಾಯಿತು. ಆಗ ಡಾಕ್ಟರು ಇನ್ನೊಂದು ಮಾತು ಹೇಳಿದರು. "ಹಣಿ ಖಾಲಿ ಬಿಡ್ರಿ. ಅಂಟೂ ಬ್ಯಾಡ, ಪುಡೀನೂ ಬ್ಯಾಡ. ಬಣ್ಣ ಬರೋತನಕ ಏನೂ ಹಚ್ಚಬ್ಯಾಡ್ರಿ, ವರ್ಷಾನೂ ಆಗಬಹುದು."

ಸಭಿಕರೇ, ಹಗುರವಾದದ್ದು ಅಲ್ಲಿಗೇ ಮುಗಿಯಿತು. ಕುಶಲಣ್ಣನಿಗೆ ಬೈಪಾಸ್ ಆಗಿ ಸ್ವಲ್ಪ ಕಾಲವಷ್ಟೇ ಆಗಿತ್ತು. ಅವರ ಎದೆಯ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಆ ಮನುಷ್ಯ ಹೋಟೆಲಿನ ಗಲ್ಲಾದಲ್ಲಿ ಕೂತಿರುವಾಗ ನಾನು ಬೋಳು ಹಣೆಯಲ್ಲಿ ಓಡಾಡುವುದೇ? ಅತ್ತೆ ದೇವರ ಕೋಣೆಗೆ ಹೋಗಿ ಕೂತವರು ಹೊರಗೆ ಬರಲಿಲ್ಲ. ನಾನೇ ನಿಶ್ಚಯ ಮಾಡಿದೆ, ಬಿಳಿ ಬೇಕಾದರೆ ಮುಖವೆಲ್ಲ ಹರಡಲಿ, ಬೊಟ್ಟು ತೆಗೆಯುವುದಿಲ್ಲ. ಯಜಮಾನರಿಗೆ ಹಾಗೇ ಹೇಳಿದೆ. ಅವರು ಊಟ ನಿಲ್ಲಿಸಲೂ ಇಲ್ಲ. "ಯಾನ್ ಉಲ್ಲೆತ್ತಾ" ಅಂದರು. ತುಳು ಬಾರದವರಿಗೆ ಹೇಳುತ್ತೇನೆ, ನಾನಿದ್ದೇನಲ್ಲ ಎಂದು ಅರ್ಥ. ನಾನು ಇರುವಾಗ ನಾನಿದ್ದೇನೆ ಎಂದು ಹೇಳಲು ನಿನಗೆ ಒಂದು ಸ್ಟಿಕರ್ ಯಾಕೆ ಬೇಕು ಎಂದು ಕೇಳಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ಹೇಳುವುದು ಸುಲಭ. ಬೊಟ್ಟು ತೆಗೆದ ಆ ವಾರವೇ ಲೋಕಲಿನಲ್ಲಿ ಒಬ್ಬಳು ಗುರುತಿಲ್ಲದ ಹೆಂಗಸು ನನ್ನ ಹಣೆ ನೋಡಿ ಜರುಗಿ ಮೂವರ ಸೀಟಿನಲ್ಲಿ ನಾಲ್ಕನೆಯ ಜಾಗ ಕೊಟ್ಟಳು. ಲೇಡೀಸ್ ಡಬ್ಬಿಯಲ್ಲಿ ಕೇಳದೆ ಜಾಗ ಸಿಕ್ಕಿತೆಂದರೆ ಏನೋ ಅನಾಹುತವಾಗಿದೆ ಎಂದೇ ಅರ್ಥ. ಕರಿಮಣಿಯನ್ನು ನಾನು ಕಳ್ಳರ ಭಯಕ್ಕೆ ಸೆರಗಿನೊಳಗೆ ಮುಚ್ಚಿಕೊಂಡಿದ್ದೆ. ಅವರಿಗೆ ಏನಾಗಿತ್ತು ಎಂದು ಅವಳು ಹಿಂದಿಯಲ್ಲಿ ಮೆಲ್ಲಗೆ ಕೇಳಿದಳು. ನಾನು ಸತ್ಯವನ್ನೇ ಹೇಳಿದೆ, ಬೈಪಾಸ್ ಎಂದು. ಅವಳು ನಿಟ್ಟುಸಿರು ಬಿಟ್ಟು ಡೊಂಬಿವಲಿಯವರೆಗೂ ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಇಳಿದೆವು. ಆಗ ಪಕ್ಕದ ಡಬ್ಬಿಯಿಂದ ಇಳಿದು ಬಂದ ನನ್ನ ಯಜಮಾನರು, ಜಯಾ, ಕೊತ್ತಂಬರಿ ತೆಗೊಂಡಿಯಾ ಎಂದು ಕೇಳಿದರು. ಆ ಹೆಂಗಸಿನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಬಂತು ಸಂಕ್ರಾಂತಿಯ ಹಳದಿ-ಕುಂಕೂ, ಮರಾಠಿ ಮುತ್ತೈದೆಯರ ಅರಿಶಿನ ಕುಂಕುಮ. ಎಂಐಡಿಸಿಯ ರೆಸಿಡೆನ್ಶಿಯಲ್ ಝೋನಿನಲ್ಲಿರುವ ಮಾನಸಿ ವಹಿನಿ, ನಮ್ಮ ಭಾಷೆಯಲ್ಲಿ ಅತ್ತಿಗೆ, ನನ್ನ ಹಳೆಯ ಗೆಳತಿ, ಪ್ರತಿ ವರ್ಷ ಕರೆಯುತ್ತಾರೆ. ಈ ಸಲ ಹೋಗುವುದಿಲ್ಲ ಎಂದೆ. ಯಜಮಾನರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು. ಹೆಂಗಸರ ಕಾರ್ಯಕ್ರಮಕ್ಕೆ ನೀವು ಯಾಕೆ ಎಂದು ಕೇಳುವಷ್ಟರಲ್ಲಿ ಮೆಟ್ಟಿಲು ಇಳಿದಿದ್ದರು. ಅಲ್ಲಿ ವಹಿನಿಯ ಅತ್ತೆ ಸಾಲಿನಲ್ಲಿ ಕೂತವರಿಗೆಲ್ಲ ಕುಂಕುಮ ಹಚ್ಚುತ್ತ ಬಂದವರು ನನ್ನ ಮುಂದೆ ಬಂದು ನಿಂತರು. ಕೈ ಹಣೆಯವರೆಗೆ ಬಂದು, ಬರಿ ಹಣೆ ನೋಡಿ, ನಡುವೆಯೇ ನಿಂತಿತು. ಆಗ ಬಾಗಿಲಿನಿಂದ ಒಂದು ಗಂಡು ಸ್ವರ ಕೇಳಿಸಿತು.

"ನಮಸ್ಕಾರ್, ಮೀ ಅಜೂನ್ ಆಹೇ."

ನಾನು ಇನ್ನೂ ಇದ್ದೇನೆ ಎಂದು. ಗಲ್ಲಾದಲ್ಲಿ ಕಲಿತ ಮರಾಠಿ, ಅದೇ ಗಲ್ಲಾದ ನಗು. ಮೊದಲು ನಕ್ಕವರು ಆ ಮುದುಕಿಯೇ. ಮಾನಸಿ ವಹಿನಿ ಎದ್ದು ಬಂದು, ಹಣೆ ಡಾಕ್ಟರಿಗೆ ಇರಲಿ ಎಂದು ಹೇಳಿ, ನನ್ನ ಕರಿಮಣಿಯನ್ನು ಸೆರಗಿನಿಂದ ಹೊರಗೆ ತೆಗೆದು ಅದಕ್ಕೆ ಕುಂಕುಮ ಹಚ್ಚಿದರು. ವಾಣ ಎಂದು ಉಡುಗೊರೆ ಕೊಟ್ಟ ಸ್ಟೀಲಿನ ಬಟ್ಟಲಲ್ಲಿ ಯಜಮಾನರು ದಾರಿಯುದ್ದಕ್ಕೂ ಎಳ್ಳುಂಡೆ ಇಟ್ಟುಕೊಂಡು ತಿಂದರು, ಸಕ್ಕರೆ ಕಾಯಿಲೆಯವರು.

ಅಲ್ಲಿಂದ ಒಂದು ವರ್ಷ ಅವರು ನನ್ನನ್ನು ಎಲ್ಲಿಗೂ ಒಬ್ಬಳನ್ನೇ ಬಿಡಲಿಲ್ಲ. ಸೀಮಂತಕ್ಕೆ ಬಂದರು, ವರಮಹಾಲಕ್ಷ್ಮಿಗೆ ಬಂದರು, ಭಜನಾ ಮಂಡಳಿಗೆ ಬಂದು ತಾಳ ತಪ್ಪಿಸಿದರು. ಈ ಸಭಾಂಗಣದಲ್ಲಿ ನಮ್ಮ ಮಹಿಳಾ ವಿಭಾಗದ ಸಭೆ ನಡೆಯುವಾಗ ಆ ಹೊರಗಿನ ಬೆಂಚಿನಲ್ಲಿ ಕೂತು ಪೇಪರು ಓದುತ್ತಿದ್ದರು, ನೀವೇ ಚಹಾ ಕೊಟ್ಟಿದ್ದೀರಿ. ಹೆಂಡತಿಯ ಹಿಂದೆ ಬಾಲದ ಹಾಗೆ ಸುತ್ತುತ್ತಾನೆ ಎಂದು ಗೇಲಿ ಮಾಡಿದವರೂ ಈ ಸಭೆಯಲ್ಲಿದ್ದಾರೆ. ಅವರು ಬಾಲವಲ್ಲ ಸ್ವಾಮಿ, ಬೊಟ್ಟು. ಬೇರೆಯವರ ಬೊಟ್ಟು ಹಣೆಯ ಮೇಲೆ ಇರುತ್ತಿತ್ತು, ನನ್ನದು ಪ್ಯಾಂಟು ಹಾಕಿಕೊಂಡು ಪಕ್ಕದಲ್ಲಿ ನಡೆಯುತ್ತಿತ್ತು. ಅಷ್ಟು ದೊಡ್ಡ ಬೊಟ್ಟು ಈ ಡೊಂಬಿವಲಿಯಲ್ಲಿ ಯಾರಿಗಿತ್ತು?

ಕಲ್ಯಾಣಕ್ಕೆ ಬೆಳಕಿನ ಚಿಕಿತ್ಸೆಗೂ ಜತೆಗೆ ಬರುತ್ತಿದ್ದರು. ತಿಂಗಳುಗಳು ಕಳೆದ ಮೇಲೆ ಬಿಳಿಯ ನಡುವೆ ರಾಗಿಕಾಳಿನ ಹಾಗೆ ಕಂದು ಚುಕ್ಕೆಗಳು ಮೂಡಿದವು. ಮೊದಲು ಕಂಡವರು ಅವರೇ, ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. ಚುಕ್ಕೆಗಳು ಅಕ್ಕಪಕ್ಕ ಸೇರಿದವು, ಅಂಚಿನಿಂದಲೂ ಬಣ್ಣ ಒಳಗೆ ಬಂತು. ಒಂದು ದಿನ ಡಾಕ್ಟರು, ಸ್ಟಿಕರ್ ಜನ್ಮದಲ್ಲಿ ಬೇಡ, ಅರಿಶಿನದಿಂದ ಮಾಡಿದ ಒಳ್ಳೆಯ ಕುಂಕುಮವಾದರೆ ಹಚ್ಚಿ ನೋಡಿ, ರಾತ್ರಿ ತೊಳೆಯಿರಿ, ಏನಾದರೂ ತುರಿಸಿದರೆ ತಕ್ಷಣ ಬನ್ನಿ ಎಂದರು. ಯಜಮಾನರು ಆ ಸಂಜೆಯೇ ಕಲ್ಯಾಣದ ಪೇಟೆಯಲ್ಲಿ ಹುಡುಕಿ ಕುಂಕುಮ ಕೊಂಡರು. ಪ್ಲಾಟ್‌ಫಾರ್ಮಿನಲ್ಲಿ, ಅಷ್ಟು ಜನರ ನಡುವೆ, ತಾವೇ ನನ್ನ ಹಣೆಗೆ ಹಚ್ಚಿದರು. ಸೊಟ್ಟಗಾಗಿತ್ತು. ಆಮೇಲೆ ಹೋಟೆಲಿನವರ ಭಾಷೆಯಲ್ಲಿ ಒಂದು ಮಾತು ಹೇಳಿದರು.

"ಒಂದು ವರ್ಷ ಇದರ ಡ್ಯೂಟಿ ನಾನು ಮಾಡಿದೆ. ಇನ್ನು ಮೇಲೆ ನನ್ನ ಡ್ಯೂಟಿ ಇದು ಮಾಡಲಿ."

ಈ ತಮಾಷೆ ಅವರಿಗೆ ಎಷ್ಟು ಹಿಡಿಸಿತೆಂದರೆ ಮನೆಗೆ ಬಂದು ಅತ್ತೆಗೂ ಹೇಳಿದರು, ಫೋನಿನಲ್ಲಿ ನಾದಿನಿಗೂ ಹೇಳಿದರು. ನಾವೆಲ್ಲ ನಕ್ಕೆವು. ಮುಂದಿನ ಸಂಕ್ರಾಂತಿಗೆ ಅವರಿರಲಿಲ್ಲ. ಬೆಳಗಿನ ಹೊತ್ತು ಗಲ್ಲಾದಲ್ಲಿ ಕೂತವರು ಹಾಗೇ ಮೇಜಿನ ಮೇಲೆ ಒರಗಿದರಂತೆ. ಅದರ ಬಗ್ಗೆ ಹೆಚ್ಚು ಹೇಳುವುದು ನನ್ನಿಂದಾಗದು, ಕ್ಷಮಿಸಿ.

ಉತ್ತರಕ್ರಿಯೆಯ ದಿನ ನಮ್ಮ ಕಡೆಯ ಹೆಂಗಸರು ಒದ್ದೆ ಬಟ್ಟೆ ಹಿಡಿದು ಬಂದು ನನ್ನ ಮುಂದೆ ಕೂತರು. ಹಣೆ ಒರೆಸಬೇಕು, ಪದ್ಧತಿ. ಅವರಲ್ಲಿ ಯಾರಿಗೂ ನನ್ನ ಮೇಲೆ ದ್ವೇಷವಿರಲಿಲ್ಲ, ಎಲ್ಲರ ಕಣ್ಣಲ್ಲೂ ನೀರಿತ್ತು. ಆಗ ಮೂಲೆಯಲ್ಲಿ ಕೂತಿದ್ದ ಅತ್ತೆ, ಬೋಳು ಹಣೆಗೆ ಹೆದರಿ ದೇವರ ಕೋಣೆ ಸೇರಿದ್ದ ಅದೇ ಅತ್ತೆ, ಗೋಡೆ ಹಿಡಿದು ಎದ್ದು ಬಂದು ಆ ಬಟ್ಟೆಯನ್ನು ತಮ್ಮ ಕೈಗೆ ತೆಗೆದುಕೊಂಡರು.

"ನನ್ನ ಮಗ ಕೆಲಸಕ್ಕೆ ಇಟ್ಟು ಹೋದದ್ದನ್ನು ತೆಗೆಯಲಿಕ್ಕೆ ನಾವು ಯಾರು?" ಅಂದರು.

ಅಷ್ಟೇ. ಆ ಬಟ್ಟೆಯಿಂದ ನನ್ನ ಕಣ್ಣು ಒರೆಸಿದರು, ಹಣೆ ಮುಟ್ಟಲಿಲ್ಲ.

ಬಲಗಡೆಯ ಸಾಲಿನ ಅಕ್ಕತಂಗಿಯರೇ, ಈಗ ಹೇಳಿ. ಅವರು ಇದ್ದಾಗ ನನ್ನ ಹಣೆ ಬರಿದಾಗಿತ್ತು, ಆಗಲೂ ನೀವು ತಪ್ಪು ಓದಿದಿರಿ. ಅವರಿಲ್ಲದಾಗ ಕುಂಕುಮ ಇದೆ, ಈಗಲೂ ತಪ್ಪು ಓದುತ್ತಿದ್ದೀರಿ. ಚರ್ಮದ ಬಣ್ಣ ನೋಡಿ ಒಬ್ಬಳ ಪಾಪ ಪುಣ್ಯ ಓದುವವರೂ, ಹಣೆ ನೋಡಿ ಒಬ್ಬಳ ಮನೆ ಓದುವವರೂ ಒಂದೇ ಶಾಲೆಯಲ್ಲಿ ಕಲಿತವರು. ಆ ಶಾಲೆಯಲ್ಲಿ ನಾನೂ ಕಲಿತಿದ್ದೆ. ಈ ಡಾಕ್ಟರು ನನ್ನ ಹೆಸರು ತೆಗೆಸಿದರು.

ಅಧ್ಯಕ್ಷರೇ, ಇನ್ನು ಸನ್ಮಾನ. ಕುಂಕುಮ, ಶಾಲು, ಹಾರ, ಫಲಕ ಎಂದು ಕ್ರಮವಿದೆ. ಆ ಬೆಳ್ಳಿ ಬಟ್ಟಲನ್ನು ದಯವಿಟ್ಟು ಈಚೆ ಕೊಡಿಸಿ. ಕೊಟ್ಟಿರಿ, ಸಂತೋಷ. ಅದರಲ್ಲಿರುವ ಪುಡಿಯನ್ನು ಬದಿಗಿಡುತ್ತೇನೆ, ಅದರಲ್ಲಿ ಏನೇನು ಬೆರೆತಿದೆಯೋ ಗೊತ್ತಿಲ್ಲ. ಇದು ಮನೆಯಿಂದ ತಂದದ್ದು, ಕಲ್ಯಾಣದ ಪೇಟೆಯಲ್ಲಿ ಅವರು ಕೊಂಡ ಪೊಟ್ಟಣದಲ್ಲಿ ಉಳಿದದ್ದು. ಡಾಕ್ಟರೇ, ನೀವು ಹಣೆಗೆ ಏನೂ ಇಟ್ಟುಕೊಳ್ಳುವವರಲ್ಲ, ನನಗೆ ಗೊತ್ತು. ಕೇಳದೆ ಯಾರ ಹಣೆಯನ್ನೂ ಮುಟ್ಟಬಾರದು ಎಂಬುದನ್ನು ನಿಮ್ಮಿಂದಲೇ ಕಲಿತೆ. ಹಚ್ಚಲೇ?

ತಲೆಯಾಡಿಸಿದರು. ಎಲ್ಲರೂ ನೋಡಿದಿರಲ್ಲ?

ಹಚ್ಚುವ ಮೊದಲು ವಂದನೆಗಳನ್ನು ಮುಗಿಸುತ್ತೇನೆ, ಆಮೇಲೆ ನನ್ನ ಸ್ವರ ಹೀಗೇ ಇರುತ್ತದೆಂಬ ಭರವಸೆ ಇಲ್ಲ. ನನ್ನ ಹಣೆಯನ್ನು ನನಗೆ ವಾಪಸು ಕೊಟ್ಟ ಡಾಕ್ಟರರಿಗೆ, ಐದು ನಿಮಿಷವನ್ನು ಇಷ್ಟು ಉದ್ದಕ್ಕೆ ಎಳೆದರೂ ಗಂಟೆ ಬಾರಿಸದ ಅಧ್ಯಕ್ಷರಿಗೆ, ಅಳತೆ ಕೊಟ್ಟ ಆ ಫೋಟೋಗಳ ಮುಂದೆ ನನ್ನನ್ನು ನಿಲ್ಲಿಸಿದ ಮಗಳಿಗೆ, ಮನೆಯಲ್ಲಿ ನನಗಾಗಿ ಕಾಯುತ್ತಿರುವ ಅತ್ತೆಗೆ, ಮತ್ತು ಊಟವನ್ನು ಮರೆತು ಕೇಳಿದ ನಿಮಗೆಲ್ಲ ನಾನು ಋಣಿ. ಹೊರಗಿನ ಆ ಬೆಂಚು ಇವತ್ತು ಖಾಲಿ ಇದೆ. ಬರುವಾಗ ನೋಡಿದೆ. ಪರವಾಗಿಲ್ಲ, ಡ್ಯೂಟಿ ಇಲ್ಲಿ ನಡೆಯುತ್ತಿದೆ. ಅಜೂನ್ ಆಹೇತ್, ಇನ್ನೂ ಇದ್ದಾರೆ.

ಎಲ್ಲರಿಗೂ ನಮಸ್ಕಾರ.